ಅರವತ್ತು ವರ್ಷದ ಕಥೆನ ಅಳಿಸಿ ಮೊದಲಿಂದ ಶುರು ಮಾಡ್ಬೇಕಾ? ಡಾಕ್ಟರ್ ಹೂ ನೋಡೋರು ಹೇಳಿ

ದುರ್ಗದಹುಡುಗ:
ಎಲ್ರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೀತಿರೋ ಪ್ರಶ್ನೆ, ಇಲ್ಲಿ ಸೈನ್ಸ್ ಫಿಕ್ಷನ್ ನೋಡೋರು ಸುಮಾರು ಜನ ಇದೀರಲ್ಲ ಅಂತ ಹಾಕ್ತಿದೀನಿ.

ದಾವಣಗೆರೆಯಿಂದ ನಮ್ಮಕ್ಕನ ಮಗಳು ದಸರಾ ರಜಕ್ಕೆ ದುರ್ಗಕ್ಕೆ ಬಂದಿದಾಳೆ, ಎಂಟನೇ ಕ್ಲಾಸು. ರಾತ್ರಿ ಊಟ ಆದ್ಮೇಲೆ ನಾನು ಡಾಕ್ಟರ್ ಹೂ (ನೀಲಿ ಪೆಟ್ಟಿಗೇಲಿ ಕಾಲ ದಾಟಿ ಅಲೆಯೋ ಡಾಕ್ಟರ್ ಅನ್ನೋನ ಕಥೆ, ಬಿಬಿಸಿಯ ಟಿವಿ ಸೀರೀಸ್) ಹಾಕ್ಕೊಂಡು ಕೂತಿದ್ದೆ, ಪಕ್ಕಕ್ಕೆ ಬಂದು ಕಾಲು ಗಂಟೆ ನೋಡಿದ್ಲು. ಆ ನೀಲಿ ಪೆಟ್ಟಿಗೆ ಒಳಗಡೆ ಅಷ್ಟು ದೊಡ್ಡದು ಹೆಂಗೆ ಮಾಮಾ, ಇವನ್ಯಾರು, ಯಾವೂರೋನು, ವಯಸ್ಸೆಷ್ಟು ಅಂತ ಒಂದೇ ಸಮ ಪ್ರಶ್ನೆ. ಆಮೇಲೆ "ಇದನ್ನ ಮೊದಲ್ನೇ ಕಂತಿಂದ ಹಾಕು" ಅಂದ್ಲು.

ಅಲ್ಲಿಗೆ ನನ್ ಬಾಯಿ ಕಟ್ತು. ಮೊದಲ್ನೇದು ಅಂದ್ರೆ ಯಾವ್ದು? 1963ರ ನವೆಂಬರ್ 23ಕ್ಕೆ ಬಂದಿದ್ದು ಒಂದು ಮೊದಲ್ನೇದು, ಅಲ್ಲಿಂದ 1989ರ ತನಕ 26 ಸೀಸನ್ ನಡೀತು. ಮಧ್ಯ 1996ರಲ್ಲಿ ಒಂದೇ ಒಂದು ಟಿವಿ ಸಿನಿಮಾ. 2005ಕ್ಕೆ ಮತ್ತೆ ಶುರು ಮಾಡ್ದಾಗ ಸೀಸನ್ ಒಂದು ಅಂತ ಎಣಿಸಿದ್ರು. 2024ಕ್ಕೆ ಇನ್ನೊಂದ್ಸಲ ಸೀಸನ್ ಒಂದು ಅಂದ್ರು. ಒಂದೇ ಕಥೆಗೆ ಮೂರು ಒಂದನೇದು. ಇದನ್ನೆಲ್ಲ ಅವಳಿಗೆ ವಿವರಿಸ್ತಾ ಹೋದೆ, ಮಗು ಮುಖ ಸಣ್ಣಗಾಯ್ತು, "ಅಷ್ಟೆಲ್ಲ ಐತಾ, ಹಂಗಾದ್ರೆ ಬೇಡ ಬಿಡು" ಅಂತ ಎದ್ದು ಹೋದ್ಲು.

ನಂಗೆ ನಿಜವಾಗ್ಲೂ ಬೇಜಾರಾಯ್ತು. ಹದಿನೈದು ವರ್ಷದಿಂದ ಪ್ರೀತಿಯಿಂದ ನೋಡ್ಕೊಂಡ್ ಬಂದಿದ್ದು ಒಂದು ಮಗುಗೆ ಬಾಗಿಲು ಮುಚ್ಚಿರೋ ಮನೆ ಥರ ಕಾಣ್ತಲ್ಲ ಅಂತ. ಅದಕ್ಕೆ ಕೇಳ್ತಿದೀನಿ: ಹಳೇದನ್ನೆಲ್ಲ ಪಕ್ಕಕ್ಕಿಟ್ಟು, ಡಾಕ್ಟರ್ ಇವತ್ತೇ ಮೊದಲ ಸಲ ಪೆಟ್ಟಿಗೆ ಕದ್ಕೊಂಡು ಊರು ಬಿಟ್ಟ ಅನ್ನೋ ಹಂಗೆ ಪೂರ್ತಿ ರೀಬೂಟ್ ಮಾಡೋದು ಸರಿನಾ? ನನ್ ಮನಸ್ಸು ಬೇಡ ಅಂತೈತೆ, ಆದ್ರೆ ಆ ಮಗು ಎದ್ದು ಹೋಗಿದ್ದು ಕಣ್ಮುಂದೆ ಬರ್ತೈತೆ.

ಪಿಬಿರೋಡ್:
ಮಾಡ್ಬೇಕ್ರಿ. ಯೋಚನೆ ಮಾಡೋದೇ ಬ್ಯಾಡ. ಎಂಟನೇ ಕ್ಲಾಸ್ ಹುಡುಗಿ ಕೂತು ನೋಡಂಗಿಲ್ಲ ಅಂದ್ರ ಅದು ಯಾರಿಗೋಸ್ಕರ ನಡೀಬೇಕು? ನಾವು ನಲವತ್ತು ದಾಟಿದೋರು ನೋಡ್ಕೋತ ಕೂತ್ರ ಇನ್ನ ಇಪ್ಪತ್ತು ವರ್ಷಕ್ಕ ನೋಡೋರೇ ಇರಂಗಿಲ್ಲ.

ಜೋಗಿಮಟ್ಟಿಗಾಳಿ:
ಬೇಡ. ಬೇಡವೇ ಬೇಡ.

ಹರಿಹರದಹೊಳೆ:
ಮೊದಲು ಒಂದು ಮಾತು ಸರಿ ಮಾಡ್ತೀನಿ, ಯಾಕಂದ್ರೆ ಎಲ್ರೂ ಇದನ್ನ ಕಲಸಿಬಿಡ್ತಾರೆ. 2005ದು ರೀಬೂಟ್ ಅಲ್ಲ. ಅವಾಗ ಅದನ್ನ ಮತ್ತೆ ಶುರು ಮಾಡಿದ ರಸೆಲ್ ಟಿ ಡೇವಿಸ್ ಹಳೇ ಕಥೆಯಲ್ಲಿ ಒಂದೆಳೇನೂ ಹರೀಲಿಲ್ಲ, ನಡುವೆ ಒಂದು ಕಾಲಯುದ್ಧ ಆಯ್ತು, ಡಾಕ್ಟರ್ ಜನ ಎಲ್ಲಾ ಸತ್ರು, ಇವನೊಬ್ಬ ಉಳ್ದ ಅಂತ ಹೇಳಿ ಅಲ್ಲಿಂದ ಮುಂದುವರಿಸಿದ್ರು. ಅದೂ ಮೊದಲ್ನೇ ದಿನ ಹೇಳ್ಲಿಲ್ಲ. ಮೊದಲ್ನೇ ಕಂತಲ್ಲಿ ಬಟ್ಟೆ ಅಂಗಡೀಲಿ ಕೆಲಸ ಮಾಡೋ ಹುಡುಗಿ ರೋಸ್ ಇದಾಳೆ, ಅವಳಿಗೇನೂ ಗೊತ್ತಿಲ್ಲ, ಅವಳ ಜೊತೆ ನಾವೂ ಸ್ವಲ್ಪ ಸ್ವಲ್ಪ ತಿಳ್ಕೊಂತ ಹೋಗ್ತೀವಿ. 2006ರಲ್ಲಿ ಎಪ್ಪತ್ತರ ದಶಕದಲ್ಲಿ ಡಾಕ್ಟರ್ ಜೊತೆ ಸುತ್ತುತಿದ್ದ ಸಾರಾ ಜೇನ್ ಪಾತ್ರನ ಅದೇ ಎಲಿಜಬೆತ್ ಸ್ಲೇಡನ್ ಕೈಲಿ ಮಾಡ್ಸಿ ವಾಪಸ್ ಕರ್ಕೊಂಡ್ ಬಂದ್ರು. ರೀಬೂಟ್ ಆಗಿದ್ರೆ ಅದು ಆಗ್ತಿರ್ಲಿಲ್ಲ. ರೀಬೂಟ್ ಅಂದ್ರೆ ಹಿಂದಿಂದು ನಡೆದೇ ಇಲ್ಲ ಅನ್ನೋದು, ಇದು ಹಿಂದಿಂದು ಗೊತ್ತಿಲ್ದಿದ್ರೂ ನಡೆಯುತ್ತೆ ಅನ್ನೋದು. ಎರಡಕ್ಕೂ ಅಜಗಜಾಂತರ.

ದುರ್ಗದಹುಡುಗ:
ಹೊಳೆಯಣ್ಣ ಹೌದು, ನಾನು ಬರೆಯೋ ಭರದಲ್ಲಿ ಎರಡನ್ನೂ ಒಂದೇ ತಕ್ಕಡೀಲಿ ಹಾಕ್ಬಿಟ್ಟೆ. ನಾನು ಕೇಳ್ತಿರೋದು ಮೊದಲ್ನೇ ಥರದ್ದು. ನಡೆದೇ ಇಲ್ಲ ಅನ್ನೋದು.

ಪಿಬಿರೋಡ್:
ಆತು, ನಡೆದೇ ಇಲ್ಲ ಅನ್ನೋದರ ಬಗ್ಗೇನೇ ಮಾತಾಡೋಣು. ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಅನ್ನೋ ಅಮೆರಿಕದ ಟಿವಿ ಸೀರೀಸ್ ಯಾರ್ಯಾರು ನೋಡೀರಿ? 1978ರಾಗ ಬಂತು, ಒಂದೇ ಸೀಸನ್ನಿಗೆ ನಿಂತುಹೋತು. 2003ರಾಗ ರೊನಾಲ್ಡ್ ಮೂರ್ ತಗೊಂಡು ಎಲ್ಲಾ ಒರೆಸಿ ಮೊದಲಿಂದ ಬರದ. ಹಳೇದ್ರಾಗ ಸೈಲಾನ್ ಅನ್ನೋ ಯಂತ್ರಗಳನ್ನ ಮಾಡಿದ್ದು ಬ್ಯಾರೆ ಯಾವುದೋ ಹಲ್ಲಿ ಜಾತಿ ಪ್ರಾಣಿಗಳು. ಹೊಸಾದ್ರಾಗ ಮನುಷ್ಯರೇ ಮಾಡಿದ್ದು. ಅಷ್ಟೇ ಬದಲಾವಣೆ, ಆದ್ರ ಇಡೀ ಕಥಿ ತಿರುಗಿಬಿತ್ತು. ಮೊದಲು ಹೊರಗಿಂದ ಬಂದ ವೈರಿ, ಈಗ ನಾವು ಹುಟ್ಸಿದ ಕೂಸೇ ನಮ್ಮನ್ನ ಕೊಲ್ಲಾಕ ಬಂದೈತಿ, ಮ್ಯಾಲ ನಮ್ಮಂಗೇ ಕಾಣತೈತಿ, ಪಕ್ಕದಾಗ ಕೂತೋನು ಮನುಷ್ಯನೋ ಯಂತ್ರನೋ ಗೊತ್ತಾಗಂಗಿಲ್ಲ. ಇದನ್ನ ಮುಂದುವರಿಕೆಯಾಗ ಹೆಂಗ್ ತರ್ತೀರಿ? ಅಡಿಪಾಯಾನೇ ಬದಲಾದ್ರ ಗ್ವಾಡಿ ಹಂಗೇ ಇಟ್ಕೊಳ್ಳಾಕ ಆಗಂಗಿಲ್ಲ. 2009ರ ಮಾರ್ಚ್‌ನಾಗ ಆ ಸೀರೀಸ್ ಬಗ್ಗೆ ವಿಶ್ವಸಂಸ್ಥೆಯಾಗ ಕೂತು ಚರ್ಚೆ ಮಾಡಿದ್ರು ಗೊತ್ತೈತಾ, ಮಾನವ ಹಕ್ಕು, ಯುದ್ಧದ ಬಗ್ಗೆ. 1978ರದ್ದನ್ನೇ ಎಳ್ಕೋತ ಹೋಗಿದ್ರ ಅಲ್ಲಿ ತನಕ ಮುಟ್ಟತಿತ್ತಾ?

ಮಂಡಕ್ಕಿಮಿರ್ಚಿ:
ಪಿಬಿರೋಡ್ ಅಣ್ಣನ ಮಾತಿಗೆ ನನ್ನದೂ ಒಂದು ಓಟು. ಹಳೇ ಬ್ಯಾಟಲ್‌ಸ್ಟಾರಲ್ಲಿ ಗಂಡಸಾಗಿದ್ದ ಪೈಲಟ್ ಸ್ಟಾರ್‌ಬಕ್ ಪಾತ್ರಾನ ಹೊಸದ್ರಲ್ಲಿ ಹುಡುಗಿ ಮಾಡಿದ್ದು ಕಂಡು ಅವಾಗ ಎಷ್ಟು ಜನ ಕೂಗಾಡಿದ್ರು, ಈಗ ಸ್ಟಾರ್‌ಬಕ್ ಅಂದ್ರೆ ಕೇಟಿ ಸ್ಯಾಕಾಫ್ ಮುಖಾನೇ ಕಣ್ಣಿಗೆ ಬರೋದು.

ಜೋಗಿಮಟ್ಟಿಗಾಳಿ:
ಆ ಬ್ಯಾಟಲ್‌ಸ್ಟಾರ್ ಉದಾಹರಣೆ ನಂಗೆ ಒಪ್ಪಿಗೆ ಆಗಲ್ಲ. ಒಂದು ಸೀಸನ್ನಿಗೆ ನಿಂತಿದ್ದಕ್ಕೂ ಅರವತ್ತು ವರ್ಷ ನಡೆದಿದ್ದಕ್ಕೂ ಹೋಲಿಕೆ ಎಲ್ಲೈತೆ? ಅಲ್ಲಿ ಅಳಿಸೋಕೆ ಇದ್ದಿದ್ದೇ 24 ಕಂತು. ಅರ್ಧಕ್ಕೆ ನಿಂತ ಮನೆ ಕೆಡವಿ ಹೊಸದು ಕಟ್ಟಿದ್ರೆ ಯಾರೂ ಅಳಲ್ಲ. ಜನ ಬಾಳಿ ಬದುಕಿರೋ ತೊಟ್ಟಿಮನೆ ಕೆಡವೋಕೆ ಹೋಗಿ ನೋಡಿ.

ಹರಿಹರದಹೊಳೆ:
ಅಳೋರು ಇದ್ರು. ರಿಚರ್ಡ್ ಹ್ಯಾಚ್ ಅಂತ, 1978ರ ಬ್ಯಾಟಲ್‌ಸ್ಟಾರಲ್ಲಿ ಅಪೋಲೊ ಅನ್ನೋ ಪಾತ್ರ ಮಾಡಿದ್ದ ನಟ. ಅದು ನಿಂತು ಇಪ್ಪತ್ತು ವರ್ಷ ಆದ್ಮೇಲೂ ಮನುಷ್ಯನಿಗೆ ಬಿಡಕಾಗ್ಲಿಲ್ಲ, 1999ರ ಹೊತ್ತಿಗೆ ತಾನೇ ಮುಂದೆ ನಿಂತು ಒಂದು ಟ್ರೇಲರ್ ಮಾಡಿ ಊರೂರು ತೋರಿಸ್ಕೊಂಡು ಬಂದ, ಕಥೆ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಮುಂದುವರಿಸಿ ಅಂತ. ಯಾರೂ ಕೇಳ್ಲಿಲ್ಲ. ರೀಬೂಟ್ ಬಂದಾಗ ಬಹಿರಂಗವಾಗೇ ವಿರೋಧ ಮಾಡಿದ. ಆಮೇಲೆ ಅದೇ ರೀಬೂಟ್‌ನೋರು ಕರೆದು ಟಾಮ್ ಝಾರೆಕ್ ಅನ್ನೋ ಬೇರೆ ಪಾತ್ರ ಕೊಟ್ರು, ಒಪ್ಕೊಂಡು ಎಷ್ಟು ಚೆನ್ನಾಗಿ ಮಾಡ್ದ ಅಂದ್ರೆ. ಹೊಸ ಅಪೋಲೊ ಎದುರಿಗೆ ಹಳೇ ಅಪೋಲೊ ಕೈದಿಯಾಗಿ ನಿಂತಿರೋ ದೃಶ್ಯ ನೋಡಿದಾಗ ನಂಗೆ ಗಂಟ್ಲು ಕಟ್ಟಿತ್ತು. ಇದನ್ನ ಯಾರ ಪರ ಅಂತ ಹೇಳ್ತಿಲ್ಲ. ಹಳೇದನ್ನ ಪ್ರೀತಿಸಿದೋನಿಗೂ ಹೊಸದ್ರಲ್ಲಿ ಜಾಗ ಸಿಕ್ತು, ಅದು ನಂಗೆ ಮರೆಯೋಕಾಗಲ್ಲ.

ಮಂಡಕ್ಕಿಮಿರ್ಚಿ:
ಇದು ಗೊತ್ತೇ ಇರ್ಲಿಲ್ಲ ಅಣ್ಣ. ಇವತ್ತು ರಾತ್ರಿ ಮತ್ತೆ ನೋಡ್ತೀನಿ.

ಹೊಳಲ್ಕೆರೆಮೇಷ್ಟ್ರು:
ಕನ್ನಡ ಪಾಠ ಮಾಡುವವನು ನಾನು, ಈ ಡಾಕ್ಟರ್ ಹೂ ಎಲ್ಲ ನನ್ನ ಮಗನಿಂದ ಪರಿಚಯ ಆಗಿದ್ದು. ಆದರೆ ನೀವು ಮಾಡ್ತಿರೋ ವಾದ ನಮ್ಮಲ್ಲಿ ಸಾವಿರ ವರ್ಷದ ಹಿಂದೇನೇ ಆಗಿಹೋಗಿದೆ. ಪಂಪ ಭಾರತ ಬರೆದಾಗ ಏನು ಮಾಡಿದ? ಅರ್ಜುನನನ್ನ ನಾಯಕ ಮಾಡಿ ತನ್ನ ಒಡೆಯ ಅರಿಕೇಸರಿ ಜೊತೆ ಬೆಸೆದ. ಹಾಗೆ ಬೆಸೆದ ಮೇಲೆ ದ್ರೌಪದಿಗೆ ಐದು ಜನ ಗಂಡಂದಿರು ಇರೋಕೆ ಆಗಲ್ಲ, ಹಾಗಾಗಿ ಅರ್ಜುನನಿಗೊಬ್ಬನಿಗೇ ಮದುವೆ ಮಾಡಿಬಿಟ್ಟ. ಕೊನೆಗೆ ಪಟ್ಟ ಕೂಡ ಅರ್ಜುನನಿಗೇ, ಪಕ್ಕದಲ್ಲಿ ಸುಭದ್ರೆ. ವ್ಯಾಸರ ಕಥೆ ಗೊತ್ತಿದ್ದೋರಿಗೆ ಇದು ಪೂರ್ತಿ ರೀಬೂಟೇ. ಆಮೇಲೆ ರನ್ನ ಬಂದ, ಭೀಮನನ್ನ ಮುಂದೆ ತಂದ, ಆದರೆ ಓದಿದವರ ಮನಸ್ಸಲ್ಲಿ ಉಳಿಯೋದು ದುರ್ಯೋಧನ. ಕುಮಾರವ್ಯಾಸ ಬಂದು ಇದು ಕೃಷ್ಣನ ಕಥೆ ಅಂದ. ಮೂವರೂ ಮೊದಲಿಂದಲೇ ಶುರು ಮಾಡಿದ್ದು, ಹಿಂದಿನವನು ಎಲ್ಲಿ ಬಿಟ್ಟನೋ ಅಲ್ಲಿಂದ ಮುಂದುವರಿಸಲಿಲ್ಲ.

ಅದೇ ಕುಮಾರವ್ಯಾಸ ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕಾಡ್ತಿದ್ದಾನೆ ಅಂತ ಹೇಳಿ ಆ ಕಡೆ ಹೋಗದೆ ಭಾರತ ಹಿಡಿದ. ಅಂದರೆ ಎಷ್ಟು ಸಲ ಹೇಳಿದರೆ ಅತಿ ಆಗುತ್ತೆ ಅನ್ನೋ ಪ್ರಜ್ಞೆನೂ ಇತ್ತು ನಮ್ಮವರಿಗೆ. ನನ್ನ ಅಳತೆ ಇಷ್ಟೇ: ಹೊಸದಾಗಿ ಹೇಳುವವನಿಗೆ ಪಂಪನಿಗಿದ್ದಂಥ ಒಂದು ಕಾರಣ ಇದೆಯಾ? ಇದ್ದರೆ ಮಾಡಲಿ. ಕಂತು ಜಾಸ್ತಿ ಆಯ್ತು, ಲೆಕ್ಕ ತಪ್ಪಿತು ಅನ್ನೋದು ಕಾರಣ ಅಲ್ಲ.

ಪಿಬಿರೋಡ್:
ಮೇಷ್ಟ್ರೇ ಭಾಳ ಚೊಲೋ ಹೇಳಿದ್ರಿ. ನನ್ನ ಪರಾನೇ ಬಂತು ಅಂತ ತಿಳ್ಕೋತೀನಿ.

ಹೊಳಲ್ಕೆರೆಮೇಷ್ಟ್ರು:
ಪೂರ್ತಿ ನಿಮ್ಮ ಪರ ಅಲ್ಲಪ್ಪ. ಪಂಪ ಬರೆದ ಅಂತ ಯಾರೂ ವ್ಯಾಸಭಾರತದ ಓಲೆಗರಿ ಸುಡಲಿಲ್ಲ, ಅದೂ ಉಳೀತು.

ಹರಿಹರದಹೊಳೆ:
ಅಯ್ಯೋ ಮೇಷ್ಟ್ರೇ, ಡಾಕ್ಟರ್ ಹೂ ವಿಷಯದಲ್ಲಿ ಓಲೆಗರಿ ಸುಟ್ಟಿದಾರೆ! ಅದನ್ನ ಹೇಳ್ಲೇಬೇಕು. ಅರವತ್ತು ಎಪ್ಪತ್ತರ ದಶಕದಲ್ಲಿ ಬಿಬಿಸಿಯೋರು ಹಳೇ ಟೇಪ್ ಮೇಲೇನೇ ಹೊಸ ಕಾರ್ಯಕ್ರಮ ರೆಕಾರ್ಡ್ ಮಾಡೋರು, ಟೇಪ್ ತುಟ್ಟಿ, ಇಡೋಕೆ ಜಾಗ ಇಲ್ಲ, ಮರುಪ್ರಸಾರದ ಯೋಚನೆನೂ ಇರ್ಲಿಲ್ಲ. ಹಂಗೆ 90ಕ್ಕೂ ಹೆಚ್ಚು ಕಂತಿನ ಚಿತ್ರ ಕಳ್ದುಹೋಯ್ತು. ಆದ್ರೆ ಅವುಗಳಲ್ಲಿ ಪ್ರತಿಯೊಂದು ಕಂತಿನ ಧ್ವನಿನೂ ಉಳಿದೈತೆ. ಹೆಂಗೆ ಅಂದ್ರೆ ಅವಾಗಿನ ಹುಡುಗ್ರು ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಕೊಂಡು ಮನೇಲೇ ರೆಕಾರ್ಡ್ ಮಾಡ್ಕೊಂಡಿದ್ರು. ಆ ಧ್ವನಿಗೆ ಈಗ ಕಾರ್ಟೂನ್ ಚಿತ್ರ ಜೋಡಿಸಿ ಬಿಡ್ತಿದಾರೆ. ನೋಡೋರು ಉಳಿಸಿದ ಕಥೆ ಇದು. ಇಂಥದ್ದನ್ನ ಹಿಡ್ಕೊಂಡು, ನಡೆದೇ ಇಲ್ಲ ಅಂತ ಹೆಂಗೆ ಹೇಳ್ತೀರಿ? ಆ ಟೇಪ್ ರೆಕಾರ್ಡರ್ ಹಿಡ್ಕೊಂಡಿದ್ದ ಹುಡುಗ್ರಿಗೆ ಏನಂತ ಉತ್ತರ ಕೊಡ್ತೀರಿ?

ಜೋಗಿಮಟ್ಟಿಗಾಳಿ:
ಇದು ಓದಿ ಮೈ ಜುಂ ಅಂತು. ನಮ್ಮಪ್ಪಾಜಿ ಹಿಂಗೇ ರೇಡಿಯೋದಲ್ಲಿ ಬರ್ತಿದ್ದ ನಾಟಕ ಕ್ಯಾಸೆಟ್ಟಿಗೆ ತುಂಬ್ಕೋತಿದ್ರು, ಮಧ್ಯ ಮಧ್ಯ ನಮ್ಮವ್ವ ಊಟಕ್ಕೆ ಕರೆಯೋದೂ ರೆಕಾರ್ಡ್ ಆಗೈತೆ. ಅಪ್ಪಾಜಿ ಹೋಗಿ ಒಂಬತ್ತು ವರ್ಷ ಆಯ್ತು, ಆ ಕ್ಯಾಸೆಟ್ ಇನ್ನೂ ಬೀರುವಿನಲ್ಲಿ ಇಟ್ಟಿದೀನಿ.

ಮಂಡಕ್ಕಿಮಿರ್ಚಿ:
ಅದನ್ನ ಬೇಗ ಕಂಪ್ಯೂಟರಿಗೆ ಹಾಕ್ಸಿಬಿಡಿ ಅಕ್ಕ, ಟೇಪಿಗೆ ಬೂಷ್ಟು ಹಿಡಿದ್ರೆ ಕಷ್ಟ. ದಾವಣಗೆರೇಲಿ ಮಾಡಿಕೊಡೋರು ಒಬ್ರು ಗೊತ್ತು, ಮೆಸೇಜ್ ಮಾಡಿ.

ಜೋಗಿಮಟ್ಟಿಗಾಳಿ:
ಮಾಡ್ತೀನಪ್ಪ, ಥ್ಯಾಂಕ್ಸ್.

ವೇಷದಮನೆ:
ನಾನು ಸುಮ್ನೆ ಓದ್ಕೊಂಡು ಹೋಗೋನು, ಬರೆಯೋದು ಕಮ್ಮಿ. ಆದ್ರೆ ಇದಕ್ಕೆ ಬರೀಬೇಕು ಅನ್ನಿಸ್ತು. ನಮ್ಮದು ಮೊಳಕಾಲ್ಮೂರು ಕಡೆ ಹಳ್ಳಿ, ಬಯಲಾಟದ ಮನೆತನ. ನಮ್ಮಜ್ಜ ದುರ್ಯೋಧನನ ವೇಷ ಕಟ್ತಿದ್ರು, ಇಪ್ಪತ್ತೈದು ವರ್ಷ ಅವರದ್ದೇ ಆ ಪಾತ್ರ. ಮಂಡಿ ನೋವು ಬಂದು ಕುಣಿಯೋಕೆ ಆಗ್ದೆ ಹೋದಾಗ ನಮ್ಮ ದೊಡ್ಡಪ್ಪ ಕಟ್ಟಿದ್ರು. ಮೊದಲ ವರ್ಷ ಊರೋರು ಅಜ್ಜನ ಗತ್ತು ಇಲ್ಲ ಬಿಡು ಅಂತ ಮಧ್ಯರಾತ್ರಿಗೇ ಎದ್ದು ಹೋದ್ರಂತೆ. ದೊಡ್ಡಪ್ಪ ಎರಡನೇ ವರ್ಷ ಅಜ್ಜನ ಥರ ಮಾಡೋದು ಬಿಟ್ಟು ತನ್ನದೇ ಹೆಜ್ಜೆ ಹಾಕಿದ್ರು. ಮೂರನೇ ವರ್ಷಕ್ಕೆ ಜನ ಬೆಳಗಾಗೋ ತನಕ ಕೂತ್ರು. ಈಗ ನಮ್ಮೂರಲ್ಲಿ ದುರ್ಯೋಧನ ಅಂದ್ರೆ ದೊಡ್ಡಪ್ಪ.

ಡಾಕ್ಟರ್ ಹೂನಲ್ಲಿ 1966ಕ್ಕೆ ಆಗಿದ್ದು ಇದೇ ಅಲ್ವಾ? ಮೊದಲ್ನೇ ಡಾಕ್ಟರ್ ಆಗಿದ್ದ ನಟ ವಿಲಿಯಂ ಹಾರ್ಟ್‌ನೆಲ್‌ಗೆ ಆರೋಗ್ಯ ಕೆಡ್ತು, ಬಿಡ್ಬೇಕಾಯ್ತು. ನಮ್ಮ ಟಿವಿ ಧಾರಾವಾಹಿ ಥರ ಇನ್ಮುಂದೆ ಈ ಪಾತ್ರ ಇವರು ಮಾಡ್ತಾರೆ ಅಂತ ಅಕ್ಷರದಲ್ಲಿ ಹಾಕಿ ಕೈ ತೊಳ್ಕೊಳ್ಳಬಹುದಿತ್ತು. ಅದನ್ನ ಮಾಡ್ದೆ, ಈ ಜೀವ ಸಾಯೋ ಹೊತ್ತಿಗೆ ಮೈ ಬದಲಾಯಿಸುತ್ತೆ ಅಂತ ಬದಲಾವಣೆನೇ ಕಥೆ ಒಳಗೆ ತಂದ್ರು. ಪ್ಯಾಟ್ರಿಕ್ ಟ್ರೌಟನ್ ಬಂದು ಮೊದಲಿನೋರ ನಕಲು ಮಾಡ್ಲಿಲ್ಲ, ಪೂರ್ತಿ ಬೇರೆ ಮನುಷ್ಯ ಆದ್ರು. ಅಂದ್ರೆ ಈ ಸೀರೀಸ್ ಒಳಗೇನೇ ರೀಬೂಟ್ ಐತೆ, ಮೂರ್ನಾಲ್ಕು ವರ್ಷಕ್ಕೊಂದ್ಸಲ ತಾನೇ ಮಾಡ್ಕೊಳ್ಳುತ್ತೆ. ಹೊರಗಿಂದ ಇನ್ನೊಂದು ಯಾಕೆ ಬೇಕು?

ದುರ್ಗದಹುಡುಗ:
ವೇಷದಮನೆಯವ್ರೇ, ಈ ಮಾತು ನಂಗೆ ತುಂಬಾ ಹಿಡಿಸ್ತು. ದಯವಿಟ್ಟು ಇನ್ನೂ ಬರೀತಿರಿ.

ಶಾಂತಿಸಾಗರ:
ಸ್ಟಾರ್ ಟ್ರೆಕ್ ಯಾರೂ ತಗೀಲೇ ಇಲ್ವಲ್ಲ, ಕ್ಯಾಪ್ಟನ್ ಕರ್ಕ್, ಅವನ ಗೆಳೆಯ ಸ್ಪಾಕ್ ಬಾಹ್ಯಾಕಾಶ ನೌಕೇಲಿ ಸುತ್ತೋ ಸೀರೀಸು! ನಾನು ಚಿಕ್ಕೋನಿದ್ದಾಗ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರ್ತಿತ್ತು, ಓಣಿಗೆಲ್ಲ ಒಂದೇ ಟಿವಿ, ಭಾಷೆ ಒಂದಕ್ಷರ ಅರ್ಥ ಆಗ್ತಿರ್ಲಿಲ್ಲ, ಆದ್ರೂ ಸ್ಪಾಕ್ ಕಿವಿ ನೋಡೋಕೆ ಜಮಾಯಿಸ್ತಿದ್ವಿ. 1966ರಿಂದ 69, ಮೂರೇ ಸೀಸನ್, 79 ಕಂತು. 2009ರ ಸಿನಿಮಾದಲ್ಲಿ ಅವರು ಮಾಡಿದ್ದು ನಡುವಿನ ದಾರಿ. ಭವಿಷ್ಯದಿಂದ ಒಬ್ಬ ಹಿಂದಕ್ಕೆ ಬಂದು ಇತಿಹಾಸ ಕೆಡಿಸ್ದ, ಅಲ್ಲಿಂದ ಬೇರೆ ಕಾಲದ ಹಾದಿ ಹುಟ್ತು, ಹಳೇದು ಅದರ ಪಾಡಿಗೆ ಅದೈತೆ, ಹೊಸದು ಇದರ ಪಾಡಿಗೆ ಇದು. ಹಳೇ ಹಾದಿಯಿಂದ ವಯಸ್ಸಾದ ಸ್ಪಾಕ್ ಆಗಿ ಲಿಯೊನಾರ್ಡ್ ನಿಮೋಯ್ ಅವರೇ ಬಂದ್ರು. ಹಾವೂ ಸಾಯಲ್ಲ ಕೋಲೂ ಮುರಿಯಲ್ಲ ಅನ್ನೋ ಹಂಗೆ. ಇದಕ್ಕಿಂತ ಒಳ್ಳೇ ಉಪಾಯ ಇನ್ನೇನಿದೆ?

ಹರಿಹರದಹೊಳೆ:
ಉಪಾಯ ಚೆನ್ನಾಗಿತ್ತು, ಫಲ ಬರ್ಲಿಲ್ಲ. ಮೂರು ಸಿನಿಮಾ ಆಗಿ ಆ ಹಾದಿ 2016ಕ್ಕೆ ನಿಂತುಹೋಯ್ತು. ಟಿವೀಲಿ ಆಮೇಲೆ ಬಂದಿದ್ದೆಲ್ಲ ಹಳೇ ಹಾದೀಲೇ ನಡೀತು. ಎರಡನೇ ಸಿನಿಮಾದಲ್ಲಿ ಹೊಸ ಹಾದಿ ಇಟ್ಕೊಂಡೂ ಹಳೇ ವೈರಿ ಖಾನ್‌ನನ್ನೇ ತಂದ್ರು, 1982ರಲ್ಲಿ ಸ್ಪಾಕ್ ಸತ್ತಿದ್ದ ದೃಶ್ಯನ ತಿರುಗಿಸಿ ಕರ್ಕ್ ಕೈಲಿ ಮಾಡ್ಸಿದ್ರು. ಅಷ್ಟು ಕಷ್ಟಪಟ್ಟು ಹೊಸ ಹೊಲ ಕೊಂಡು ಮತ್ತೆ ಹಳೇ ಬೆಳೇನೇ ಹಾಕಿದ್ರೆ ಏನ್ ಪ್ರಯೋಜನ?

ಶಾಂತಿಸಾಗರ:
ಖಾನ್ ವಿಷಯ ಒಪ್ತೀನಿ. ಆ ಸಾವಿಗೆ 1982ರಲ್ಲಿ ನಾನು ಅತ್ತಿದ್ದೆ ಅಂತಲ್ಲ, ಆಮೇಲೆ ವಿಸಿಆರ್‌ನಲ್ಲಿ ನೋಡಿ ಅತ್ತಿದ್ದು. 2013ರದ್ದಕ್ಕೆ ಕಣ್ಣಲ್ಲಿ ನೀರು ಬರ್ಲಿಲ್ಲ. ಅವರಿಬ್ರೂ ಜೊತೆ ಬಾಳಿದ್ದನ್ನ ನಾವು ನೋಡಿರ್ಲಿಲ್ವಲ್ಲ.

ಜೋಗಿಮಟ್ಟಿಗಾಳಿ:
ಇದೇ ನಾನು ಹೇಳ್ಬೇಕು ಅಂದಿದ್ದು! ಇಷ್ಟೊತ್ತು ಮಾತು ಸಿಗ್ತಿರ್ಲಿಲ್ಲ. ಜೊತೆ ಬಾಳಿದ್ದು ಬೇಕು.

ಪಿಬಿರೋಡ್:
ಬಾಳಿದ್ದು ಬೇಕು ಖರೆ. ಆದ್ರ ಜಪಾನಿನ ಸಿನಿಮಾದ ದೈತ್ಯ ಪ್ರಾಣಿ ಗಾಡ್ಜಿಲ್ಲಾ ನೋಡ್ರಿ. 1954ರಾಗ ಅಣುಬಾಂಬಿನ ಭಯದಾಗ ಹುಟ್ಟಿದ್ದು. ಆಮ್ಯಾಲ ಸಿನಿಮಾ ಮ್ಯಾಲ ಸಿನಿಮಾ ಬಂದು ಮಕ್ಕಳ ಗೆಳೆಯ ಆಗಿಬಿಡ್ತು. 1984ಕ್ಕ ಮೊದಲ್ನೇದೊಂದು ಬಿಟ್ಟು ಉಳಿದಿದ್ದೆಲ್ಲ ಮರ್ತುಬಿಡ್ರಿ ಅಂದ್ರು. 2016ರ ಶಿನ್ ಗಾಡ್ಜಿಲ್ಲಾದಾಗ 1954ರದ್ದೂ ಆಗಿಲ್ಲ, ಜಪಾನಿನೋರು ಇಂಥ ಪ್ರಾಣಿ ಮೊದಲ್ನೇ ಸಲ ನೋಡ್ತಾರ. ಯಾಕಂದ್ರ 2011ರಾಗ ಸುನಾಮಿ, ಫುಕುಶಿಮಾ ಆಗಿತ್ತು. ಅಧಿಕಾರಿಗಳು ಮೀಟಿಂಗ್ ಮ್ಯಾಲ ಮೀಟಿಂಗ್ ಮಾಡೋದು, ಫೈಲ್ ಒಯ್ಯೋದು, ಅಷ್ಟ್ರಾಗ ಊರು ಹಾಳಾಗೋದು. ಹಿಂದ ಮೂವತ್ತು ಸಲ ಗಾಡ್ಜಿಲ್ಲಾ ಬಂದು ಹೋಗೈತಿ ಅಂದ್ರ ಆ ಗಾಬರಿ ಹುಟ್ಟತಿತ್ತಾ? ಮೇಷ್ಟ್ರು ಹೇಳಿದ ಪಂಪನ ಕಾರಣ ಅಂದ್ರ ಇದೇ.

ಹೊಳಲ್ಕೆರೆಮೇಷ್ಟ್ರು:
ಹೌದು. ಇದು ಕಾರಣ. ಒಪ್ಪಿದೆ.

ಚಳ್ಳಕೆರೆಎಣ್ಣೆಗಾಣ:
ನಮ್ಮೂರಿನ ಉದಾಹರಣೆ ಕೊಡ್ತೀನಿ ಕೇಳ್ರಪ್ಪ. ಇಸ್ರೋದ ಪುಷ್ಪಕ್ ಗೊತ್ತಲ್ಲ, ರೆಕ್ಕೆ ಇರೋ ರಾಕೆಟ್ಟು, ಮತ್ತೆ ಮತ್ತೆ ಬಳಸೋ ಅಂಥದ್ದು, ಅದರ ಇಳಿಯೋ ಪರೀಕ್ಷೆ ಮೂರೂ ನಮ್ಮ ಚಳ್ಳಕೆರೆ ಹತ್ರದ ಡಿಆರ್‌ಡಿಒ ರನ್‌ವೇನಲ್ಲೇ ಆಗಿದ್ದು. 2023ರ ಏಪ್ರಿಲ್ 2, 2024ರ ಮಾರ್ಚ್ 22, ಜೂನ್ 23. ಚಿನೂಕ್ ಹೆಲಿಕಾಪ್ಟರ್ 4.5 ಕಿಲೋಮೀಟರ್ ಎತ್ತರಕ್ಕೆ ಎತ್ಕೊಂಡು ಹೋಗಿ ಬಿಡುತ್ತೆ, ತಾನೇ ದಾರಿ ಹುಡುಕ್ಕೊಂಡು ಬಂದು ಇಳಿಯುತ್ತೆ. ನಾನು ಹೇಳ್ಬೇಕಾಗಿರೋದು ಮೂರನೇ ಸಲದ್ದು. ಎರಡನೇ ಸಲ ಇಳಿದ ಅದೇ ಮೈ, ಅದೇ ರೆಕ್ಕೆ, ಒಳಗಿನ ಅದೇ ಸಾಮಾನು, ಏನೂ ಬದಲಾಯಿಸ್ದೆ ಮತ್ತೆ ಹಾರಿಸಿದ್ರು. ಬದಲಾಯಿಸಿದ್ದು ಪರೀಕ್ಷೆನ. ಎರಡನೇ ಸಲ ರನ್‌ವೇ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟಿದ್ರೆ ಮೂರನೇ ಸಲ 500 ಮೀಟರ್ ಪಕ್ಕಕ್ಕೆ ಬಿಟ್ರು, ಗಾಳಿನೂ ಜೋರಿತ್ತು, ಆದ್ರೂ ಬಂದು ಗೆರೆ ಮೇಲೆ ನಿಲ್ತು.

ಡಾಕ್ಟರ್ ಹೂಗೂ ಅದೇ ಮಾಡಿ ಅಂತೀನಿ. ಮೈ ಗಟ್ಟಿ ಐತೆ, ಅದನ್ನ ಗುಜರಿಗೆ ಹಾಕ್ಬೇಡಿ. ಇನ್ನೂ ಕಷ್ಟದ ಕಡೆಯಿಂದ ಬಿಟ್ಟು ನೋಡಿ. ಕಥೆ ಸಪ್ಪೆ ಆಗಿರೋದಕ್ಕೆ ಇತಿಹಾಸದ ಮೇಲೆ ಯಾಕೆ ಗೂಬೆ ಕೂರಿಸ್ತೀರಿ?

ಮಂಡಕ್ಕಿಮಿರ್ಚಿ:
ಎಣ್ಣೆಗಾಣದಣ್ಣ, ನೀವು ಕಣ್ಣಾರೆ ನೋಡಿದ್ರಾ ಇಳಿಯೋದನ್ನ?

ಚಳ್ಳಕೆರೆಎಣ್ಣೆಗಾಣ:
ಇಲ್ಲಮ್ಮ, ಒಳಗೆಲ್ಲ ಬಿಡಲ್ಲ. ಟಿವೀಲಿ ನೋಡಿದ್ದು. ಆದ್ರೆ ನಮ್ಮ ಸ್ಕೂಲ್ ಮಕ್ಕಳಿಗೆ ಆ ದಿನ ಮೇಷ್ಟ್ರು ಪಾಠ ನಿಲ್ಲಿಸಿ ಮೊಬೈಲಲ್ಲಿ ತೋರ್ಸಿದ್ರು, ಕುರಿ ಕಾಯೋ ಕಾವಲ್ ಪಕ್ಕ ರಾಕೆಟ್ ಇಳೀತು ಅಂತ ಒಂದು ವಾರ ಅದೇ ಮಾತು. ಕೆಲವ್ರಿಗೆ ಆ ಕಾವಲ್ ಜಮೀನು ಹೋಗಿದ್ದರ ನೋವೂ ಐತೆ, ಅದನ್ನ ಮರೆಮಾಚಿ ಹೇಳೋಕೆ ನಂಗಿಷ್ಟ ಇಲ್ಲ. ಎರಡೂ ನಮ್ಮೂರಿಂದೇ.

ಶಾಂತಿಸಾಗರ:
ನಮ್ಮ ಕಡೆ ಮುಂದುವರಿಕೆ ಅಂದ್ರೆ ನಂಗೆ ನೆನಪಾಗೋದು ಮಾಲ್ಗುಡಿ ಡೇಸ್. ಶಂಕರ್‌ನಾಗ್ ಮಾಡಿದ್ದ ಮೇಲೆ 2006ರಲ್ಲಿ ಕವಿತಾ ಲಂಕೇಶ್ ಇನ್ನಷ್ಟು ಕಂತು ಮಾಡಿದ್ರು. ಯಾರಾದ್ರೂ ನೋಡಿದೀರಾ?

ಹರಿಹರದಹೊಳೆ:
ನೋಡಿದೀನಿ, ಆದ್ರೆ ಅದು ಸೈನ್ಸ್ ಫಿಕ್ಷನ್ ಅಲ್ವಲ್ಲಣ್ಣ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರ್ತೀನಿ. ಶಕ್ತಿಮಾನ್ ಬಗ್ಗೆ ಬೇಕಾದ್ರೆ ಇಲ್ಲೇ ಮಾತಾಡೋಣ.

ಮಂಡಕ್ಕಿಮಿರ್ಚಿ:
ಶಕ್ತಿಮಾನ್ ಮುಟ್ಟಬೇಡಿ ಯಾರೂ. 1997ರಲ್ಲಿ ನಂಗೆ ಆರು ವರ್ಷ. ಮುಕೇಶ್ ಖನ್ನಾ ಬಿಟ್ಟು ಇನ್ನೊಬ್ರ ಮುಖ ನನ್ ಕೈಲಿ ಊಹಿಸ್ಕೊಳ್ಳೋಕೂ ಆಗಲ್ಲ.

ಪಿಬಿರೋಡ್:
ನೋಡವ್ವಾ ತಂಗಿ, ಸ್ಟಾರ್‌ಬಕ್ ಬದಲಾಗ್ಬೇಕು, ಶಕ್ತಿಮಾನ್ ಬದಲಾಗ್ಬಾರ್ದು. ನಾವು ಸಣ್ಣೋರಿದ್ದಾಗ ಯಾವುದನ್ನ ನೋಡಿದ್ವೋ ಅದನ್ನ ಮುಟ್ಟಿದ್ರ ನೋವಾಗತೈತಿ, ಉಳಿದಿದ್ದು ಏನ್ ಮಾಡಿದ್ರೂ ಆತು ಅಂತೀವಿ. ನಾನೂ ಹಂಗೇ. ಆದ್ರ ಈ ನ್ಯಾಯ ಮುಂದಿನ ಮಕ್ಕಳಿಗೂ ಸಿಗಬೇಕಲ್ಲ, ಅವರಿಗೆ ಅಂತ ಒಂದು ಮೊದಲ್ನೇದು ಬ್ಯಾಡೇನು?

ಮಂಡಕ್ಕಿಮಿರ್ಚಿ:
ಹೌದಣ್ಣ... ಇದಕ್ಕೆ ನನ್ ಹತ್ರ ಉತ್ತರ ಇಲ್ಲ. ಯೋಚನೆ ಮಾಡ್ಬೇಕು.

ವೇಷದಮನೆ:
ನನಗನ್ಸೋದು, ಮಕ್ಕಳಿಗೆ ಬಾಗಿಲು ಮುಚ್ಚಿರೋದು ಕಥೆಯಲ್ಲ, ನಾವು. ಬಯಲಾಟಕ್ಕೆ ಬಂದ ಮಗುಗೆ ಯಾರೂ ಮೊದಲು ಆದಿಪರ್ವದಿಂದ ಹೇಳಿ ಕೂರಿಸಲ್ಲ. ನಿದ್ದೆಗಣ್ಣಲ್ಲಿ ಎದ್ದಾಗ ಯಾವ ಪ್ರಸಂಗ ನಡೀತಿರುತ್ತೋ ಅದೇ ಅದರ ಮೊದಲ್ನೇದು. ದುರ್ಗದಣ್ಣ ಆ ಹುಡುಗಿಗೆ ಇಪ್ಪತ್ತಾರು ಸೀಸನ್ನಿನ ಲೆಕ್ಕ ಹೇಳ್ಬಾರ್ದಿತ್ತು ಅನ್ಸುತ್ತೆ, ತಪ್ಪು ತಿಳೀಬೇಡಿ.

ದುರ್ಗದಹುಡುಗ:
ಇಲ್ಲ, ತಪ್ಪು ತಿಳಿಯಲ್ಲ. ನೀವು ಹೇಳಿದ್ದೇ ಸರಿ, ಈ ಸಲ ಲೆಕ್ಕ ಬಿಟ್ಟು ನಾನೂ ಹಂಗೇ ಮಾಡ್ದೆ. ನಿನ್ನೆ ರಾತ್ರಿ ಏನಾಯ್ತು ಹೇಳ್ತೀನಿ.

ಏನೂ ವಿವರಿಸ್ದೆ 2005ರ ಸೀಸನ್ನಿನ ಆರನೇ ಕಂತು ಹಾಕ್ದೆ, ಡಾಲೆಕ್ ಅಂತ. ನೆಲದಡಿ ಒಬ್ಬ ಶ್ರೀಮಂತ ಬೇರೆ ಲೋಕದ ಸಾಮಾನೆಲ್ಲ ಕೂಡಿಟ್ಟಿರ್ತಾನೆ, ಅಲ್ಲಿ ಸರಪಳಿ ಹಾಕಿರೋ ಒಂದು ಡಬ್ಬಿಯಂಥ ಯಂತ್ರ, ಅದೇ ಡಾಲೆಕ್, ಡಾಕ್ಟರ್‌ನ ಹಳೇ ವೈರಿ. ಡಾಕ್ಟರ್ ಸಹಾಯ ಮಾಡೋಕೆ ಅಂತ ಕತ್ತಲೆ ಕೋಣೆಗೆ ಹೋಗ್ತಾನೆ, ಅದು ಧ್ವನಿ ಎತ್ತುತ್ತೆ, ಅಷ್ಟೇ, ಮುಖ ಬಿಳಚಿಕೊಂಡು ಬಾಗಿಲು ಬಡೀತಾನೆ. ಇವಳು ತಟ್ಟನೆ ನನ್ ಕೈ ಹಿಡ್ಕೊಂಡ್ಲು. "ಮಾಮಾ, ಇಷ್ಟೊತ್ತು ಯಾವುದಕ್ಕೂ ಹೆದರದೋನು ಇದಕ್ಯಾಕೆ ಇಷ್ಟು ಹೆದರಿದ?" ಅಂತ. ನಾನು ಮಾತಾಡ್ಲಿಲ್ಲ. ಕಂತು ಮುಗಿಯೋ ತನಕ ಕೈ ಬಿಡ್ಲಿಲ್ಲ. ಮುಗಿದ್ಮೇಲೆ ಮತ್ತೆ ಅದೇ ಕೇಳಿದ್ಲು, ಇವರಿಬ್ರಿಗೂ ಮೊದಲು ಏನೋ ಆಗಿರ್ಬೇಕು, ಏನದು ಅಂತ.

ಅವಳಿಗೆ 1963 ಗೊತ್ತಿಲ್ಲ. ಆದ್ರೂ ಹಿಂದೆ ಏನೋ ಐತೆ ಅಂತ ಆ ನಟ ಕ್ರಿಸ್ಟೋಫರ್ ಎಕಲ್‌ಸ್ಟನ್ ಮುಖದಲ್ಲೇ ಓದ್ಕೊಂಡ್ಲು. ಪೂರ್ತಿ ರೀಬೂಟ್ ಮಾಡಿದ್ರೆ ಡಾಕ್ಟರ್ ಆ ಕೋಣೆಗೆ ಹೋಗಿ ಯಾರಪ್ಪ ನೀನು ಅಂತ ಕೇಳ್ಬೇಕಾಗ್ತಿತ್ತು. ನಂಗೆ ಅಲ್ಲೇ ಉತ್ತರ ಸಿಕ್ತು. ಪಿಬಿರೋಡ್ ಅಣ್ಣ ಹೇಳಿದ ಬ್ಯಾಟಲ್‌ಸ್ಟಾರ್, ಗಾಡ್ಜಿಲ್ಲಾ ಎರಡಕ್ಕೂ ನಾನು ತಲೆ ಬಾಗ್ತೀನಿ, ಆದ್ರೆ ಈ ಒಂದಕ್ಕೆ ಬೇಡ.

ಹರಿಹರದಹೊಳೆ:
ಆಮೇಲೆ? ಹೇಳಿದ್ರಾ ಏನಾಗಿತ್ತು ಅಂತ?

ದುರ್ಗದಹುಡುಗ:
ಹೇಳ್ಲಿಲ್ಲ, ತೋರಿಸ್ದೆ. ಸ್ನೇಹಿತನ ಹತ್ರ ಹಳೇ ಡಿವಿಡಿ ಇತ್ತು, ಇವತ್ತು ಬೆಳಿಗ್ಗೆ ಹೋಗಿ ಇಸ್ಕೊಂಡು ಬಂದೆ. 1963ರ ಡಿಸೆಂಬರ್‌ದು, ಟೆರಿ ನೇಷನ್ ಬರೆದಿದ್ದು, ಡಾಲೆಕ್ ಮೊದಲ್ನೇ ಸಲ ಬರೋ ಏಳು ಭಾಗದ ಕಥೆ. ಕಪ್ಪುಬಿಳುಪು, ನಿಧಾನ, ಈಗಿನ ಮಕ್ಕಳು ಕೂರಲ್ಲ ಅಂದ್ಕೊಂಡೆ. ಮೊದಲ ಭಾಗದ ಕೊನೇಲಿ ಡಾಲೆಕ್ ಪೂರ್ತಿ ಕಾಣಲ್ಲ, ಗೋಡೆಗೆ ಒತ್ತಿ ನಿಂತಿರೋ, ಡಾಕ್ಟರ್ ಜೊತೆ ಬಂದಿರೋ ಬಾರ್ಬರಾ ಕಡೆಗೆ ಒಂದು ಕೈ ಮಾತ್ರ ಬರುತ್ತೆ, ಅವಳು ಕಿರುಚ್ತಾಳೆ, ಮುಗೀತು. ಇವಳು "ಇನ್ನೊಂದು ಹಾಕು" ಅಂದ್ಲು.

ಪಿಬಿರೋಡ್:
ಹಾಕಿದ್ರಿ?

ದುರ್ಗದಹುಡುಗ:
ಹಾಕ್ದೆ. ಆಮೇಲೆ ಅಕ್ಕ ಫೋನ್ ಮಾಡಿ ರಜದ ಹೋಂವರ್ಕ್ ಮುಗಿಸಿದಾಳಾ ಅಂತ ಕೇಳಿದ್ಳು, ಅದಕ್ಕೆ ನಿಲ್ಲಿಸಿದ್ವಿ. ಇನ್ನೂ ಐದು ಭಾಗ ಐತೆ, ಭಾನುವಾರ ದಾವಣಗೆರೆಗೆ ಬಿಟ್ಟು ಬರೋದ್ರೊಳಗೆ ಮುಗಿಸ್ಬೇಕು.

ಪಿಬಿರೋಡ್:
ನನ್ನ ಅಭಿಪ್ರಾಯ ಬದಲಾಗಿಲ್ರಿ, ಈ ಭಾಗ್ಯ ಎಲ್ಲಾ ಮಕ್ಕಳಿಗೂ ಇರಂಗಿಲ್ಲ, ಎಲ್ರ ಮನಿಯಾಗೂ ಡಿವಿಡಿ ತಂದು ತೋರ್ಸೋ ಮಾಮಾ ಇರಂಗಿಲ್ಲ. ಅದಿರ್ಲಿ, ಭಾನುವಾರ ಬಂದಾಗ ಫೋನ್ ಮಾಡ್ರಿ, ಬೆಣ್ಣೆದೋಸೆ ತಿಂತ ಉಳಿದ ವಾದ ಮಾಡೋಣು. ಹುಡುಗೀನೂ ಕರ್ಕೊಂಡು ಬರ್ರಿ, ಅಕಿ ಏನಂತಾಳ ಕೇಳ್ಬೇಕು.